ಅಮ್ಮ ಕೈ ಮುಗಿದ ಮೆಟ್ಟಿಲು

ಅಮ್ಮ ಈ ಘಟನೆಯನ್ನು ಹೇಳುವಾಗ ನಗುತ್ತಾಳೆ, ಕೇಳುವವರೂ ನಗುತ್ತಾರೆ. ಜಪಾನಿನ ಒಂದು ಹಳೆಯ ಕೋಟೆ. ಏಣಿಯಂಥ ಮರದ ಮೆಟ್ಟಿಲು. ಇಳಿಯುವ ಹೊತ್ತಿಗೆ ಸರಿಯಾಗಿ ಭೂಕಂಪ. "ನಾನು ಎರಡೂ ಕೈ ಜೋಡಿಸಿ ಮುಗಿದುಬಿಟ್ಟೆ. ಕಣ್ಣು ಬಿಟ್ಟು ನೋಡ್ತೀನಿ, ನೆಲದ ಮೇಲೆ ನಿಂತಿದ್ದೀನಿ! ಹೂವು ಇಳಿಸಿದ ಹಾಗೆ ಇಳಿಸಿಬಿಟ್ಟ ದೇವರು," ಎನ್ನುತ್ತಾಳೆ. ಅಲ್ಲಿಗೆ ಅವಳ ಕಥೆ ಮುಗಿಯಿತು. ಯಾರಾದರೂ ಇನ್ನೊಂದು ಸುತ್ತು ಕಾಫಿ ತರುತ್ತಾರೆ.

ನಾನು ಆ ಮೆಟ್ಟಿಲಿನ ಮೇಲ್ತುದಿಯಲ್ಲಿ ನಿಂತಿದ್ದೆ. ನನ್ನ ಕಣ್ಣು ತೆರೆದೇ ಇತ್ತು. ಆದ್ದರಿಂದ ನನ್ನ ಕಥೆ ಬೇರೆ, ಮತ್ತು ಅದು ಇನ್ನೂ ಮುಗಿದಿಲ್ಲ. ಡ್ರೈವ್ ಮಾಡುವಾಗ, ಆಫೀಸಿನ ಮೀಟಿಂಗಿನಲ್ಲಿ ಬೇರೆಯವರು ಮಾತಾಡುತ್ತಿರುವಾಗ, ಕುಕ್ಕರ್ ಕೂಗುವುದನ್ನು ಕಾಯುತ್ತ ಒಲೆಯ ಮುಂದೆ ನಿಂತಾಗ, ಅದು ಮೊದಲಿನಿಂದ ಶುರುವಾಗುತ್ತದೆ. ಪ್ರತಿ ಸಲವೂ ಅಮ್ಮ ಕಂಬಿಯಿಂದ ಕೈ ತೆಗೆಯುತ್ತಾಳೆ. ಪ್ರತಿ ಸಲವೂ ನಾನು ಮೇಲೆ ನಿಂತೇ ಇರುತ್ತೇನೆ.

ನಾವಿರುವುದು ಡಾಲಸ್‌ನ ಉತ್ತರಕ್ಕೆ, ಲಿಟಲ್ ಎಲ್ಮ್‌ನಲ್ಲಿ. ಅಣ್ಣ ಹ್ಯೂಸ್ಟನ್‌ನಲ್ಲಿ, ತಂಗಿ ಆಸ್ಟಿನ್ ಹತ್ತಿರದ ಜಾರ್ಜ್‌ಟೌನ್‌ನಲ್ಲಿ. ಗ್ರೀನ್ ಕಾರ್ಡ್ ಬಂದ ಮೇಲೆ ಅಮ್ಮ ಈ ಮೂರು ಮನೆಗಳ ನಡುವೆ ಓಡಾಡಿಕೊಂಡಿದ್ದಾಳೆ. ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತಿದ್ದವಳು. ಹಳೆಯ ಕಟ್ಟಡ ಕಂಡರೆ ಸುತ್ತ ಒಮ್ಮೆ ನಡೆದು, ಗೋಡೆ ಮುಟ್ಟಿ, ಬೋರ್ಡು ಪೂರ್ತಿ ಓದಿಯೇ ಮುಂದೆ ಹೋಗುವವಳು. ಇಲ್ಲಿಗೆ ಬಂದ ಹೊಸದರಲ್ಲಿ ನಮ್ಮ ಬಡಾವಣೆಯ ಹೊಸ ಮನೆಗಳ ಸಾಲನ್ನು ನೋಡಿ, "ಈ ಟೆಕ್ಸಸ್‌ನಲ್ಲಿ ನನಗಿಂತ ವಯಸ್ಸಾದ ಗೋಡೆ ಒಂದಾದ್ರೂ ಇದ್ರೆ ತೋರಿಸ್ರೇ," ಎಂದಿದ್ದಳು. ಜಪಾನಿನ ಆಸೆ ಅವಳಿಗೆ ಮೊದಲಿನಿಂದಲೂ ಇತ್ತು. ನನ್ನ ಗಂಡನಿಗೆ ರಜೆ ಸಿಗಲಿಲ್ಲ. ಮಾರ್ಚ್ ತಿಂಗಳ ಶಾಲೆಯ ರಜೆಯಲ್ಲಿ ಅಮ್ಮ, ನಾನು, ಎಂಟನೇ ಕ್ಲಾಸಿನ ಮಗಳು, ಮೂವರೇ ಹೊರಟೆವು.

ಮೊದಲ ದಿನಗಳು ಎಷ್ಟು ಚೆನ್ನಾಗಿದ್ದವೆಂದು ಯಾರೂ ನನ್ನನ್ನು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಕ್ಯೋಟೋದಲ್ಲಿ ಒಂದು ಉದ್ದನೆಯ ಮರದ ದೇಗುಲವಿದೆ. ಒಳಗೆ ಚಿನ್ನದ ಬಣ್ಣದ ವಿಗ್ರಹಗಳು ಸಾಲುಸಾಲಾಗಿ ನಿಂತಿವೆ. ಅವುಗಳ ಮುಂದೆ ಕಾವಲಿಗೆ ಬೇರೆ ಕೆಲವು ದೇವರುಗಳು. ಅಮ್ಮ ಒಂದೊಂದರ ಮುಂದೆಯೂ ನಿಂತು ಬೋರ್ಡು ಓದುತ್ತಿದ್ದವಳು ತಟ್ಟನೆ ನನ್ನ ತೋಳು ಹಿಡಿದಳು.

"ಇವನು ವರುಣ ಕಣೇ. ಅವನು ಇಂದ್ರ. ಅಯ್ಯೋ, ಇಲ್ನೋಡು, ಸರಸ್ವತಿ!"

ಅಲ್ಲಿ ಫೋಟೋ ತೆಗೆಯುವಂತಿರಲಿಲ್ಲ. ಅಮ್ಮ ಮೊಮ್ಮಗಳನ್ನು ಎಳೆದುಕೊಂಡು ಬಂದು ತೋರಿಸಿದಳು. "ನಿಮ್ಮಪ್ಪ ವೀಸಾ ಸ್ಟಾಂಪಿಂಗು ಅಂತ ಎಷ್ಟು ಒದ್ದಾಡ್ತಾನೆ. ಇವರೆಲ್ಲ ಯಾವ ಕಾಲದಲ್ಲೋ ಬಂದು ಆರಾಮಾಗಿ ಸೆಟ್ಲ್ ಆಗಿದ್ದಾರೆ ನೋಡು ಪುಟ್ಟಿ."

"ಅಜ್ಜೀ, ಶ್ಶ್," ಎಂದಳು ಮಗಳು. ಆದರೆ ಅವಳೂ ನಗುತ್ತಿದ್ದಳು.

ಅಂದಿನಿಂದ ಜಪಾನಿನ ಯಾವ ಗುಡಿಯೂ ಅಮ್ಮನಿಗೆ ಪರದೇಶದ್ದಾಗಿ ಉಳಿಯಲಿಲ್ಲ. ಕೆಂಪು ಕಮಾನುಗಳ ಬೆಟ್ಟದಲ್ಲಿ ನರಿಯ ವಿಗ್ರಹಕ್ಕೆ ಕೈ ಮುಗಿದಳು. ನಾರಾದಲ್ಲಿ ದೊಡ್ಡ ಬುದ್ಧನ ಎದುರು ನಿಂತು ಕಣ್ಣೊರೆಸಿಕೊಂಡಳು. ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ಜಾಕೆಟ್, ಕಾಲಿಗೆ ಔಟ್‌ಲೆಟ್ ಮಾಲ್‌ನಲ್ಲಿ ಕೊಂಡ ನೇರಳೆ ಬಣ್ಣದ ವಾಕಿಂಗ್ ಶೂ. ಗುಡಿ ಕಂಡಲ್ಲೆಲ್ಲ ಆ ಶೂ ಬಿಚ್ಚಬೇಕೇ ಬೇಡವೇ ಎಂಬುದು ಒಂದು ಚರ್ಚೆ. ಅಂಗಳದಲ್ಲಿ ಎಲ್ಲರೂ ಶೂ ಹಾಕಿಕೊಂಡೇ ಓಡಾಡುತ್ತಾರೆಂದು ನಾನು ತೋರಿಸಿದರೂ ಅವಳು ಒಂದು ಕಡೆ ಬಿಚ್ಚಿಟ್ಟು ಬರಿಯ ಸಾಕ್ಸಿನಲ್ಲಿ ಹೋಗಿ ಬಂದಳು.

ಕೋಟೆಗೆ ಹೋದದ್ದು ಹೊರಡುವ ಹಿಂದಿನ ದಿನ, ರೈಲಿನಲ್ಲಿ. ಎತ್ತರದ ಕಲ್ಲಿನ ತಳಪಾಯ, ಅದರ ಮೇಲೆ ಒಂದರ ಮೇಲೊಂದು ಮಾಡು ಹೊತ್ತ ಮರದ ಗೋಪುರ. ಒಳಗಿನ ನೆಲ, ಕಂಬ, ಮೆಟ್ಟಿಲು ಎಲ್ಲವೂ ಹಳೆಯ ಮರ. ಶತಮಾನಗಳಿಂದ ಜನರ ಕಾಲು ತಾಗಿ ಸವೆದು ಕನ್ನಡಿಯ ಹಾಗೆ ಹೊಳೆಯುತ್ತದೆ. ಆದ್ದರಿಂದ ಬಾಗಿಲಲ್ಲೇ ಶೂ ಬಿಚ್ಚಿಸಿ ಪ್ರತಿಯೊಬ್ಬರಿಗೂ ಒಂದು ಪ್ಲಾಸ್ಟಿಕ್ ಚೀಲ ಕೊಡುತ್ತಾರೆ. ಶೂ ಅದರಲ್ಲಿ ಹಾಕಿ ಕೈಯಲ್ಲಿ ಹಿಡಿದುಕೊಂಡು ಮೇಲೆ ಹತ್ತಬೇಕು. ಹೊರಗೆ ಬರುವ ದಾರಿ ಬೇರೆ, ಹಾಗಾಗಿ ಕೆಳಗೆ ಬಿಡುವಂತಿಲ್ಲ.

ಮಗಳು ಅಲ್ಲಿ ಕೊಟ್ಟ ಕಾಗದವನ್ನು ಓದುತ್ತ, "ಅಜ್ಜೀ, ದೇರ್ ಈಸ್ ಎ ಲಿಟಲ್ ಶ್ರೈನ್ ಆನ್ ದ ಟಾಪ್ ಫ್ಲೋರ್," ಎಂದಳು.

ಅಮ್ಮ ಶೂ ಚೀಲವನ್ನು ನೆಲದ ಮೇಲಿಟ್ಟಳು. "ಮೇಲೆ ದೇವರಿದ್ದಾರಾ? ಹಾಗಾದ್ರೆ ಇದನ್ನ ಹಿಡ್ಕೊಂಡು ನಾನು ಹತ್ತಲ್ಲ."

"ಅಮ್ಮ, ಎಲ್ಲರೂ ಹಿಡ್ಕೊಂಡೇ ಹೋಗ್ತಿದ್ದಾರೆ ನೋಡು."

"ಎಲ್ಲರೂ ಏನಾದ್ರೂ ಮಾಡ್ಕೊಳ್ಳಲಿ. ಕೈಯಲ್ಲಿ ಚಪ್ಪಲಿ ಹಿಡ್ಕೊಂಡು ದೇವರ ಮುಂದೆ ನಿಂತ್ಕೊಳ್ಳೋಕೆ ಆಗತ್ತಾ?"

"ಇಟ್ಸ್ ಇನ್ ಎ ಬ್ಯಾಗ್, ಅಜ್ಜಿ."

"ಬ್ಯಾಗಲ್ಲಿ ಹಾಕಿದ್ರೆ ಅದು ಚಪ್ಪಲಿ ಅಲ್ವಾ? ಲಡ್ಡು ಆಗಿಬಿಡತ್ತಾ?"

ಹಿಂದೆ ಜನ ನಿಂತಿದ್ದರು. ನಾನು ಅಮ್ಮನ ಚೀಲವನ್ನೂ ಎತ್ತಿಕೊಂಡೆ. ಬಲಗೈಯಲ್ಲಿ ನನ್ನದು, ಎಡಗೈಯಲ್ಲಿ ಅಮ್ಮನದು. ಮೇಲೆ ಹೋದಂತೆ ಮೆಟ್ಟಿಲು ಕಡಿದಾಯಿತು; ಚೀಲದ ಹಿಡಿ ಜಾರದಿರಲೆಂದು ಮಣಿಕಟ್ಟಿಗೆ ಸುತ್ತಿಕೊಂಡೆ. ಕೊನೆಯ ಮಹಡಿಯ ಮೆಟ್ಟಿಲನ್ನು ಮೆಟ್ಟಿಲೆನ್ನುವುದಕ್ಕಿಂತ ಅಟ್ಟದ ಏಣಿ ಎನ್ನಬಹುದು. ಅಮ್ಮ ಎರಡು ಕೈಯಲ್ಲೂ ಕಂಬಿ ಹಿಡಿದು ಒಂದೊಂದೇ ಹಂತ ಹತ್ತಿದಳು. ಆಗ ನಾನು ಅವಳ ಹಿಂದೆ ಇದ್ದೆ. ಅವಳಿಗೆ ಮಂಡಿನೋವಿದೆ, ಆದರೂ ಮೇಲೆ ತಲುಪಿದಾಗ ಅವಳ ಮುಖ ನೋಡಬೇಕಿತ್ತು. ನಾಲ್ಕು ಕಡೆಯ ಕಿಟಕಿಗಳಿಂದ ಊರೆಲ್ಲ ಕಾಣುತ್ತಿತ್ತು, ದೂರದಲ್ಲಿ ಬೆಟ್ಟದ ಸಾಲು. ಒಂದು ಬದಿಗೆ ಆ ಪುಟ್ಟ ಗುಡಿ.

"ನೀನು ಅಲ್ಲೇ ನಿಂತ್ಕೋ, ಆ ಚೀಲಗಳನ್ನ ಹತ್ತಿರ ತರಬೇಡ," ಎಂದಳು ಅಮ್ಮ. ಮೊಮ್ಮಗಳ ಶೂ ಚೀಲವನ್ನೂ ದೂರದ ಮೂಲೆಯಲ್ಲಿ ಇಡಿಸಿ ಅವಳ ಕೈ ಹಿಡಿದು ನಮಸ್ಕಾರ ಮಾಡಿಸಿದಳು. ನಾನು ಕಿಟಕಿಯ ಹತ್ತಿರ ನಾಲ್ಕು ಶೂಗಳ ಜೊತೆ ನಿಂತಿದ್ದೆ.

ಇಳಿಯುವ ಮೆಟ್ಟಿಲಲ್ಲಿ ಒಬ್ಬರ ಹಿಂದೆ ಒಬ್ಬರು. ಮುಖ ಮೆಟ್ಟಿಲ ಕಡೆಗೆ ಮಾಡಿ, ಹಿಮ್ಮುಖವಾಗಿ ಇಳಿಯಬೇಕೆಂದು ಅಲ್ಲಿದ್ದ ಹುಡುಗಿ ಕೈಸನ್ನೆಯಲ್ಲಿ ತೋರಿಸಿದಳು. ಮಗಳು ಮೊದಲು ಸರಸರನೆ ಇಳಿದಳು. ಅವಳ ಹಿಂದೆ ಉಣ್ಣೆ ಟೋಪಿ ಹಾಕಿದ ವಯಸ್ಸಾದ ಗಂಡಸೊಬ್ಬರು, ಅಲ್ಲಿಯವರೇ. ಆಮೇಲೆ ಅಮ್ಮ. ಅಮ್ಮ ಕೆಳಗೆ ಮುಟ್ಟಿದ ಮೇಲೆ ನಾನು ಇಳಿಯುವುದೆಂದು ಮೇಲಿನ ಅಂಚಿನಲ್ಲಿ ನಿಂತೆ.

ಅಮ್ಮ ನಡುಮಧ್ಯದಲ್ಲಿದ್ದಾಗ ಸುತ್ತ ಇದ್ದವರ ಫೋನುಗಳೆಲ್ಲ ಒಟ್ಟಿಗೆ ಕಿರುಚಿದವು. ರಿಂಗ್ ಆದ ಹಾಗಲ್ಲ. ಒಂದೇ ಸದ್ದು, ಕೋಣೆಯ ಪ್ರತಿ ಜೇಬಿನಿಂದ, ಪ್ರತಿ ಚೀಲದಿಂದ. ಅದರ ಜೊತೆ ಜಪಾನಿ ಭಾಷೆಯಲ್ಲಿ ಒಂದು ಧ್ವನಿ ಅದದೇ ಮಾತನ್ನು ಹೇಳುತ್ತಿತ್ತು. ನನಗೆ ಅರ್ಥವಾಗಲಿಲ್ಲ, ಆದರೆ ನನ್ನ ಪಕ್ಕದಲ್ಲಿದ್ದವರೆಲ್ಲ ನೆಲಕ್ಕೆ ಕುಕ್ಕರಿಸಿದ್ದು ನೋಡಿದಾಗ ಭೂಕಂಪದ ಎಚ್ಚರಿಕೆಯೆಂದು ಗೊತ್ತಾಯಿತು. ಆಮೇಲೆ ಕಟ್ಟಡ ಅಲುಗಿತು. ಮೊದಲು ಸದ್ದು ಬಂತು: ಎತ್ತಿನಗಾಡಿಯ ಅಚ್ಚು ನರಳಿದ ಹಾಗೆ ಕಂಬಗಳೆಲ್ಲ ನರಳಿದವು. ಕಾಲಡಿಯ ನೆಲ ಒಂದು ಪಕ್ಕಕ್ಕೆ ಹೋಗಿ ಮತ್ತೆ ಬಂತು.

ಅಮ್ಮ ತಲೆ ಎತ್ತಿದಳು. ನನ್ನನ್ನು ನೋಡಿದಳೆಂದುಕೊಂಡೆ. ಇಲ್ಲ, ಅವಳು ನನ್ನನ್ನು ದಾಟಿ, ನನ್ನ ಹಿಂದಿದ್ದ ಆ ಗುಡಿಯ ಕಡೆಗೆ ನೋಡುತ್ತಿದ್ದಳು. ಆಮೇಲೆ ಅವಳು ಎರಡೂ ಕೈಯನ್ನು ಕಂಬಿಯಿಂದ ತೆಗೆದು, ಎದೆಯ ಮುಂದೆ ಜೋಡಿಸಿ, ಕಣ್ಣು ಮುಚ್ಚಿದಳು.

ಇದನ್ನು ನಾನು ಹೇಗೆ ಬರೆದರೂ ಸಾಲುವುದಿಲ್ಲ. ನಮ್ಮ ಮನೆಗಳಲ್ಲಿ ಬೆಳೆದವರಿಗೆ ಆ ಕೈ ಗೊತ್ತು. ಗುಡುಗಿದಾಗ, ಬಸ್ಸು ಘಾಟಿಯಲ್ಲಿ ತಿರುಗಿದಾಗ, ಆಂಬುಲೆನ್ಸ್ ಹಾದುಹೋದಾಗ ಯೋಚನೆಗಿಂತ ಮೊದಲೇ ಜೋಡಿಕೊಳ್ಳುವ ಕೈ. ನೆಲದ ಮೇಲೆ ನಿಂತವರಿಗೆ ಅದರಿಂದ ಯಾವ ಅಪಾಯವೂ ಇಲ್ಲ. ಅಮ್ಮ ನಿಂತಿದ್ದದ್ದು ನುಣುಪಾದ ಮರದ ಅಂಗೈಯಗಲದ ಹಂತದ ಮೇಲೆ, ನೈಲಾನ್ ಸಾಕ್ಸಿನಲ್ಲಿ, ಮತ್ತು ಆ ಹಂತ ಅಲುಗುತ್ತಿತ್ತು. ಅವಳ ನೇರ ಎದುರಿಗೆ ಇದ್ದವಳು ನಾನು. ನೋಡುವವರಿಗೆ ತಾಯಿಯೊಬ್ಬಳು ಮಗಳಿಗೆ ಕೈ ಮುಗಿದು ನಿಂತ ಹಾಗೆ ಕಾಣುತ್ತಿತ್ತೇನೋ.

"ಅಜ್ಜೀ! ಹೋಲ್ಡ್ ಆನ್! ಅಜ್ಜೀ!" ಕೆಳಗಿನಿಂದ ಮಗಳು ಕೂಗಿದಳು.

ನಾನು ಬಗ್ಗಿದೆ. ಎರಡೂ ಕೈ ಚಾಚಿದೆ. ಕೈಗಳ ತುದಿಯಲ್ಲಿ ಚೀಲಗಳು ನೇತಾಡಿದವು. ಬಿಚ್ಚಲು ಕೈ ಒದರಿದೆ. ಹಿಡಿ ಮಣಿಕಟ್ಟಿಗೆ ಇನ್ನೂ ಬಿಗಿಯಿತು. ಅಮ್ಮನ ನೇರಳೆ ಶೂ ಅಮ್ಮನ ತಲೆಯ ಮೇಲೆ ತೂಗಾಡುತ್ತಿತ್ತು. ಇನ್ನೂ ಬಗ್ಗಿದರೆ ನಾನೇ ಅವಳ ಮೇಲೆ ಬೀಳುತ್ತಿದ್ದೆ. ಹಾಗಾಗಿ ನಾನು ಅಲ್ಲೇ ಇದ್ದೆ. ಅಮ್ಮನ ಬಲಗಾಲು ಹಂತದಿಂದ ಜಾರಿದ್ದನ್ನು ನೋಡಿದೆ. ಸೀರೆಯ ನೆರಿಗೆ ಮೆಟ್ಟಿಲಿನ ಅಂಚಿಗೆ ಸಿಕ್ಕು ಎಳೆದುಕೊಂಡದ್ದನ್ನು ನೋಡಿದೆ. ಅವಳ ಕೈ ಆಗಲೂ ಜೋಡಿಯೇ ಇತ್ತು. ಹಾಗೇ, ಮುಗಿದ ಕೈಯಲ್ಲೇ, ಅವಳು ನನ್ನಿಂದ ಕೆಳಕ್ಕೆ ಹೋದಳು.

ಟೋಪಿಯ ಆ ಮನುಷ್ಯ ಆಗಷ್ಟೇ ಕೆಳಗೆ ಕಾಲಿಟ್ಟಿದ್ದರು. ಉಳಿದವರೆಲ್ಲ ತಲೆಯ ಮೇಲೆ ಕೈಯಿಟ್ಟು ಕುಕ್ಕರಿಸಿದಾಗ ಅವರು ಮಾತ್ರ ಮೆಟ್ಟಿಲ ಕಡೆ ತಿರುಗಿದರು. ಭುಜ ಮುಂದೆ ಮಾಡಿ ಅಮ್ಮನ ಬೆನ್ನಿಗೆ ಕೊಟ್ಟರು. ಅಮ್ಮನ ಪೂರ್ತಿ ಭಾರ ಅವರ ಮೇಲೆ ಬಂತು. ಅವರು ಹಿಂದಕ್ಕೆ ಹೋಗಿ ಕಂಬಕ್ಕೆ ಬಡಿದುಕೊಂಡರು. ಆ ಸದ್ದು ಕಟ್ಟಡದ ಸದ್ದಿನ ನಡುವೆಯೂ ನನಗೆ ಕೇಳಿಸಿತು. ಆಮೇಲೆ ಅಲುಗಾಟ ನಿಂತಿತು.

ಅಮ್ಮ ಕಣ್ಣು ಬಿಟ್ಟಳು. ನೆಲದ ಮೇಲೆ ನಿಂತಿದ್ದಳು. ಕೈ ಮುಗಿದೇ ಇತ್ತು, ಹಾಗೇ ಹಿಂದಕ್ಕೆ ತಿರುಗಿದಳು. ಆ ಮನುಷ್ಯ ತನಗೇ ಕೈ ಮುಗಿದಳೆಂದು ತಿಳಿದು, ಬಿದ್ದ ಟೋಪಿಯನ್ನು ಎತ್ತಿಕೊಂಡು, ಸೊಂಟ ಬಗ್ಗಿಸಿ ವಂದಿಸಿದರು. ಇನ್ನೊಮ್ಮೆ ವಂದಿಸಿದರು. ಎಡಗೈ ಮೊಣಕೈಯನ್ನು ಉಜ್ಜಿಕೊಳ್ಳುತ್ತಿದ್ದರು. ಸಿಬ್ಬಂದಿ ಎಲ್ಲರನ್ನೂ ಬೇಗಬೇಗ ಕೆಳಗೆ ಕಳಿಸತೊಡಗಿದರು. ನಾನು ಇಳಿದು ಬರುವಷ್ಟರಲ್ಲಿ ಟೋಪಿ ಜನರ ನಡುವೆ ಎಲ್ಲೋ ಹೋಗಿತ್ತು. ಹೊರಗಿನ ಅಂಗಳದಲ್ಲಿ ಹುಡುಕಿದೆ. ಸಿಗಲಿಲ್ಲ.

ಕೋಟೆಗೆ ಏನೂ ಆಗಿರಲಿಲ್ಲ. ಒಂದು ಹೆಂಚೂ ಬಿದ್ದಿರಲಿಲ್ಲ. ಸ್ವಲ್ಪ ಹೊತ್ತಿಗೆ ಜನ ಮತ್ತೆ ಫೋಟೋ ತೆಗೆಯತೊಡಗಿದರು. ಮೊಗ್ಗು ಬಿರಿಯದ ಚೆರಿ ಮರದ ಕೆಳಗೆ ಅಮ್ಮ ಬೆಂಚಿನ ಮೇಲೆ ಕೂತು ಕಾಲು ಚಾಚಿದಳು.

"ಕೊಡು ಶೂನ," ಎಂದಳು.

ಚೀಲ ನನ್ನ ಕೈಯಿಂದ ಬರಲಿಲ್ಲ. ಮಗಳು ನನ್ನ ಮಣಿಕಟ್ಟಿನಿಂದ ಪ್ಲಾಸ್ಟಿಕ್ಕನ್ನು ಸುತ್ತು ಬಿಡಿಸಿ ತೆಗೆದಳು. ಚರ್ಮದಲ್ಲಿ ಕೆಂಪು ಗೆರೆ ಕೂತಿತ್ತು. ಅಮ್ಮ ಅದನ್ನು ನೋಡಿ, "ಇಷ್ಟು ಬಿಗಿಯಾಗಿ ಯಾಕೆ ಹಿಡ್ಕೊಂಡಿದ್ದೆ?" ಎಂದು ಕೇಳಿದಳು.

ಲಿಟಲ್ ಎಲ್ಮ್‌ಗೆ ಬಂದ ಮೇಲೆ ನನ್ನ ಭಯ ನಮ್ಮ ಮನೆಯ ಮೆಟ್ಟಿಲಲ್ಲಿ ಶುರುವಾಯಿತು. ಕಾರ್ಪೆಟ್ ಹಾಸಿದ, ಯಾರೂ ಎಂದೂ ಬೀಳದ ಮೆಟ್ಟಿಲು. ಅಮ್ಮ ಒಗೆದ ಬಟ್ಟೆಯ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಇಳಿಯುತ್ತಾಳೆ. ನಾನು ಲ್ಯಾಪ್‌ಟಾಪ್ ಬಿಟ್ಟು ಓಡುತ್ತೇನೆ.

"ಕಂಬಿ ಹಿಡ್ಕೋ ಅಮ್ಮ."

"ಹಿಡ್ಕೋ ಹಿಡ್ಕೋ ಅಂತ ಪ್ರಾಣ ತಿಂತೀಯಲ್ಲೇ. ಬುಟ್ಟೀನ ಬಾಯಲ್ಲಿ ಕಚ್ಕೊಳ್ಳಲಾ?"

ನನಗೆ ಬೇಕಾದದ್ದು ಒಂದೇ ಒಂದು. ಇನ್ನೊಂದು ಸಲ ನೆಲ ಅಲುಗಿದರೆ, ಗಾಳಿ ಎದ್ದರೆ, ಕಾರು ಜಾರಿದರೆ, ಅಮ್ಮ ಮೊದಲು ಏನನ್ನಾದರೂ ಹಿಡಿದುಕೊಳ್ಳಬೇಕು. ಕೈ ಆಮೇಲೆ ಮುಗಿಯಲಿ. ಇಷ್ಟನ್ನು ಅವಳ ಬಾಯಲ್ಲಿ ಹೇಳಿಸಲು ನಾನು ಪಟ್ಟ ಪಾಡು ಹೇಳತೀರದು.

ಏಪ್ರಿಲ್‌ನಲ್ಲಿ ಹ್ಯೂಸ್ಟನ್‌ಗೆ ಅಣ್ಣನ ಮನೆಗೆ ಹೋದೆವು. ಅವನ ಗೆಳೆಯರು ಒಂದೊಂದು ಮನೆಯಿಂದ ಒಂದೊಂದು ಅಡಿಗೆ ಮಾಡಿಕೊಂಡು ಬಂದಿದ್ದರು. ಬಿಸಿಬೇಳೆಬಾತು ಮುಗಿದು ಎಲ್ಲರೂ ಕೂತಾಗ ಅಮ್ಮ ಕಥೆ ಹೇಳಿದಳು. ಹುಬ್ಬಳ್ಳಿ ಕಡೆಯ ಆಂಟಿಯೊಬ್ಬರು ಕೆನ್ನೆಗೆ ಕೈಯಿಟ್ಟು ಕೇಳಿ, "ಭಾಳ ಪುಣ್ಯಾ ಮಾಡೀರಿ ನೋಡ್ರಿ. ಪರದೇಶದಾಗೂ ದೇವರು ಕೈ ಬಿಡಲಿಲ್ಲಲ್ರಿ," ಎಂದರು.

"ಅಲ್ಲಿ ಒಬ್ಬರಿದ್ದರು, ಕೆಳಗೆ..." ಎಂದು ನಾನು ಶುರುಮಾಡಿದೆ.

ಅಣ್ಣ ನಡುವೆ ಬಾಯಿ ಹಾಕಿದ. "ನಮ್ಮ ಇವಳನ್ನ ಕೇಳಬೇಡಿ. ಅಮ್ಮ ಬಿದ್ದರೂ ಚಿಂತೆಯಿಲ್ಲ, ಶೂ ಬೀಳಬಾರದು ಅಂತ ಗಟ್ಟಿಯಾಗಿ ಹಿಡ್ಕೊಂಡು ನಿಂತಿದ್ದಳಂತೆ. ಫಿಫ್ಟಿ ಪರ್ಸೆಂಟ್ ಆಫ್‌ನಲ್ಲಿ ತಗೊಂಡಿದ್ದಲ್ವೇನೇ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಣ್ಣ ಕೆಟ್ಟವನಲ್ಲ, ನನ್ನನ್ನು ಹಗುರ ಮಾಡಬೇಕೆಂದೇ ಹಾಗೆ ಹೇಳಿದ್ದ. ಆದರೆ ನನ್ನ ಮಣಿಕಟ್ಟು ಆ ಕ್ಷಣದಲ್ಲಿ ನಿಜವಾಗಿಯೂ ನೋಯುತ್ತಿತ್ತು.

ಮರುದಿನ ಅವನು ನಮ್ಮನ್ನು ಊರ ನಡುವಿನ ಪಾರ್ಕಿನಲ್ಲಿರುವ ಜಪಾನಿ ತೋಟಕ್ಕೆ ಕರೆದುಕೊಂಡು ಹೋದ. "ಭಯ ಹೋಗಬೇಕಾದ್ರೆ ಅಲ್ಲೇ ಹೋಗಿ ನಿಂತ್ಕೋಬೇಕು," ಎಂಬುದು ಅವನ ಮದ್ದು. ಪೈನ್ ಮರಗಳು, ಕೊಳ, ಕೊಳದಲ್ಲಿ ಬಣ್ಣದ ಮೀನು, ದಡದಲ್ಲಿ ಕಲ್ಲಿನ ದೀಪಗಳು. ನೀರಿನ ಮೇಲೆ ದಾಟಲು ಬಿಡಿಬಿಡಿ ಕಲ್ಲು ಹಾಕಿದ್ದರು. ಹ್ಯೂಸ್ಟನ್‌ನ ಧಗೆಯಲ್ಲಿ ಅಮ್ಮನ ಸೆರಗು ಬೆವರಿಗೆ ಅಂಟಿಕೊಂಡಿತ್ತು, ಆದರೂ ಅವಳು ಹುಮ್ಮಸ್ಸಿನಲ್ಲಿದ್ದಳು. ಮೊಮ್ಮಗಳ ಹಿಂದೆ ಕಲ್ಲಿನಿಂದ ಕಲ್ಲಿಗೆ ಹೋದಳು. ನಡುವಿನ ಕಲ್ಲಿನ ಮೇಲೆ ನಿಂತು, ಆಚೆ ದಡದ ಕಲ್ಲಿನ ದೀಪವನ್ನು ನೋಡಿ, "ನಮ್ಮ ದೇವಸ್ಥಾನದ ದೀಪದ ಕಂಬ ಇದ್ದ ಹಾಗೇ ಇದೆ," ಎನ್ನುತ್ತ ಕೈ ಮುಗಿದಳು.

ನಾನು ಕಿರುಚಿದೆ. ಏನೆಂದು ಕಿರುಚಿದೆನೋ ನನಗೇ ತಿಳಿಯದು. ಸ್ಟ್ರಾಲರ್ ತಳ್ಳುತ್ತಿದ್ದ ಒಬ್ಬ ಹೆಂಗಸು ನಿಂತು ನನ್ನನ್ನು ನೋಡಿದಳು. ಮದುವೆಯ ಫೋಟೋ ತೆಗೆಸಿಕೊಳ್ಳುತ್ತಿದ್ದ ಜೋಡಿಯೂ ನೋಡಿತು.

"ಅಮ್ಮಾ," ಮಗಳು ತಗ್ಗಿದ ದನಿಯಲ್ಲಿ ಹೇಳಿದಳು, "ದ ವಾಟರ್ ಈಸ್ ಲೈಕ್, ಅಪ್ ಟು ಮೈ ನೀ."

ಅಣ್ಣ ಆಮೇಲೆ ಕಾರಿನಲ್ಲಿ ತಮಾಷೆ ಮಾಡಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಅದೇ ವಾರ ಜಾರ್ಜ್‌ಟೌನ್‌ನಿಂದ ತಂಗಿ ಫೋನ್ ಮಾಡಿದಳು. ನವೆಂಬರ್‌ನಲ್ಲಿ ಅವಳೂ ಅವಳ ಗಂಡನೂ ಜಪಾನಿಗೆ ಹೋಗುವವರಿದ್ದರು, ಎಲೆ ಕೆಂಪಾಗುವುದನ್ನು ನೋಡಲು. ಅಮ್ಮನನ್ನೂ ಕರೆದುಕೊಂಡು ಹೋಗುತ್ತೇವೆಂದಳು. ಬೆಟ್ಟದ ಮೇಲೆ ಒಂದು ಹಳೆಯ ದೇಗುಲವಂತೆ, ಕಾಡಿನ ನಡುವೆ ಕಲ್ಲಿನ ಮೆಟ್ಟಿಲು, ಹತ್ತಿ ಮುಗಿಯುವುದೇ ಇಲ್ಲವಂತೆ. ಹೋದ ಸಲ ಅಮ್ಮನಿಗೆ ಅದು ತಪ್ಪಿತ್ತು.

"ಬೇಡ ಕಣೇ," ಎಂದೆ.

"ಅಕ್ಕಾ, ಅಮ್ಮನಿಗೆ ಏನೂ ಆಗಿಲ್ಲ. ಆಗಿರೋದು ನಿನಗೆ. ನೀನು ಯಾರನ್ನಾದ್ರೂ ನೋಡು, ಪ್ಲೀಸ್. ನಮ್ಮ ಆಫೀಸಲ್ಲಿ ಎಲ್ಲರೂ ಥೆರಪಿಗೆ ಹೋಗ್ತಾರೆ."

ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಅಮ್ಮನಿಗೆ ಏನೂ ಆಗಿಲ್ಲ. ಒಂದು ತರಚು ಗಾಯವೂ ಇಲ್ಲ. ಆಗದೇ ಹೋದದ್ದನ್ನು ಬೇರೆಯವರಿಗೆ ತೋರಿಸುವುದು ಹೇಗೆ?

ಅಮ್ಮನ ಹತ್ತಿರವೇ ಹೋದೆ. ಅವಳು ಹುರುಳಿಕಾಯಿ ಸೋಸುತ್ತಿದ್ದಳು. ನಾನೂ ಒಂದು ಹಿಡಿ ತೆಗೆದುಕೊಂಡು ಕೂತೆ.

"ಹೋಗು, ಬೇಡ ಅನ್ನಲ್ಲ. ಆದ್ರೆ ಕಂಬಿ ಹಿಡಿದ ಕೈ ಬಿಡಲ್ಲ ಅಂತ ಒಂದು ಮಾತು ಕೊಡು."

"ನಾನು ಅವತ್ತು ಕೈ ಮುಗೀದೇ ಇದ್ದಿದ್ರೆ ಏನಾಗ್ತಿತ್ತು, ಗೊತ್ತಾ?"

"ಬೀಳ್ತಾನೇ ಇರಲಿಲ್ಲ ನೀನು. ನಿನ್ನನ್ನ ಹಿಡಿದಿದ್ದು ಆ ಟೋಪಿಯವರು. ನಾನು ನೋಡಿದ್ದೀನಿ ಅಮ್ಮ. ಅವರು ಕಂಬಕ್ಕೆ ಹೊಡ್ಕೊಂಡರು."

ಅಮ್ಮ ನಾರು ತೆಗೆಯುತ್ತ ಕೇಳಿದಳು, "ಅವರನ್ನ ಅಲ್ಲಿ ನಿಲ್ಲಿಸಿದ್ದು ಯಾರು?"

ಎಂಜಿನಿಯರಿಂಗ್ ಓದಿದ್ದೇನೆ, ಇಷ್ಟು ವರ್ಷದಿಂದ ಬೇರೆಯವರು ಬರೆದ ಸಾಫ್ಟ್‌ವೇರ್ ಎಲ್ಲಿ ಕೆಡುತ್ತದೆಂದು ಹುಡುಕುವುದೇ ನನ್ನ ಕೆಲಸ. ಈ ಮಾತಿನಲ್ಲಿ ಎಲ್ಲಿ ಬೆರಳಿಡಬೇಕೆಂದು ತಿಳಿಯಲಿಲ್ಲ.

"ಹೋಗ್ಲಿ, ಒಂದು ಕೈಯಲ್ಲಿ ಹಿಡ್ಕೋ, ಇನ್ನೊಂದು ಕೈಯಲ್ಲಿ ಮುಗಿ."

ಅಮ್ಮ ಒಂದು ಕೈಯನ್ನು ಎದೆಯ ಮುಂದೆ ಎತ್ತಿ ಹಿಡಿದು ನೋಡಿಕೊಂಡಳು. "ಟ್ರಾಫಿಕ್ ಪೊಲೀಸು ಗಾಡಿ ನಿಲ್ಲಿಸಿದ ಹಾಗಿದೆ," ಎಂದು ನಕ್ಕಳು. ಮಾತು ಕೊಡಲಿಲ್ಲ.

ಮೇ ತಿಂಗಳಲ್ಲಿ ಒಂದು ಸಂಜೆ ಆಕಾಶ ಹಸಿರಿಗೆ ತಿರುಗಿತು. ಬಿರುಗಾಳಿಯ ಸೂಚನೆ; ಈ ಕಡೆ ವಸಂತದಲ್ಲಿ ಇದು ಹೊಸದಲ್ಲ. ಗಂಡ ಆಫೀಸಿನಿಂದ ಫೋನ್ ಮಾಡಿ, ಅಲ್ಲೇ ಒಳಗಿರಲು ಹೇಳಿದ್ದಾರೆ, ನೀವೂ ಹುಷಾರು ಎಂದ. ಅವನು ಮಾತು ಮುಗಿಸುವ ಮೊದಲೇ ಮನೆಯ ಫೋನುಗಳೆಲ್ಲ ಒಟ್ಟಿಗೆ ಕಿರುಚಿದವು. ಟೊರ್ನೇಡೋ ವಾರ್ನಿಂಗ್, ಸುಂಟರಗಾಳಿಯ ಎಚ್ಚರಿಕೆ. ಹಿಂದೆಯೇ ಊರಿನ ಸೈರನ್.

ಸದ್ದು ಬೇರೆ, ಆದರೆ ನನ್ನ ಮೈಗೆ ಆ ವ್ಯತ್ಯಾಸ ತಿಳಿಯಲಿಲ್ಲ. ಎರಡು ಕೈಯೂ ಮಣಿಕಟ್ಟಿನಿಂದ ಕೆಳಗೆ ಜೋಮು ಹಿಡಿದವು.

ಇಲ್ಲಿಯ ಮನೆಗಳಿಗೆ ನೆಲಮಾಳಿಗೆ ಇರುವುದಿಲ್ಲ. ಕಿಟಕಿಯಿಲ್ಲದ ಒಳಜಾಗಕ್ಕೆ ಹೋಗಬೇಕು. ನಮ್ಮಲ್ಲಿ ಅದು ಮೆಟ್ಟಿಲ ಕೆಳಗಿನ ಕ್ಲೋಸೆಟ್ ಎಂಬ ಪುಟ್ಟ ಕೋಣೆ; ನಾವು ಅದನ್ನು ಚಪ್ಪಲಿ ಗೂಡು ಮಾಡಿಕೊಂಡಿದ್ದೇವೆ. ಮಗಳು ಶಾಲೆಯಲ್ಲಿ ಕಲಿಸಿದಂತೆ ಸೈಕಲ್ ಹೆಲ್ಮೆಟ್ ಹಾಕಿಕೊಂಡು ಟಾರ್ಚ್ ಹಿಡಿದು ಅದರೊಳಗೆ ಕೂತಾಗಿತ್ತು.

ಅಮ್ಮ ದೇವರ ಮುಂದೆ ಕೂತಿದ್ದಳು. ನಮ್ಮ ದೇವರ ಮಂಟಪ ಇರುವುದು ಈಶಾನ್ಯದಲ್ಲಿ, ಬೇರೆಯವರು ಬ್ರೇಕ್‌ಫಾಸ್ಟ್ ಟೇಬಲ್ ಹಾಕುವ ಮೂಲೆಯಲ್ಲಿ. ಎರಡು ಕಡೆಯೂ ಗೋಡೆಯಷ್ಟು ದೊಡ್ಡ ಗಾಜಿನ ಕಿಟಕಿ. ಆಚೆ ಹಿತ್ತಲಿನ ಬೇಲಿ ಅಲುಗುತ್ತಿತ್ತು.

"ಅಮ್ಮ, ಏಳು. ಒಳಗೆ ಬಾ."

"ಚಪ್ಪಲಿಗಳ ಮಧ್ಯೆ ಕೂತ್ಕೊಂಡು ದೇವರನ್ನ ಕರೆಯೋದಾ? ನೀವು ಹೋಗಿ ಕೂತ್ಕೊಳ್ಳಿ. ನಾನು ಇಲ್ಲೇ ಇರ್ತೀನಿ." ಕೈ ಜೋಡಿಸಿ ಕಣ್ಣು ಮುಚ್ಚಿದಳು.

ನಾನು ಓಡಿಹೋಗಿ ಕ್ಲೋಸೆಟ್‌ನಲ್ಲಿದ್ದ ಶೂಗಳನ್ನೆಲ್ಲ ತೋಳಿನಲ್ಲಿ ಬಾಚಿ ಹೊರಗೆ ಎಸೆದೆ. ನನ್ನವು, ಗಂಡನವು, ಮಗಳ ಸಾಕರ್ ಶೂ, ಅಮ್ಮನ ನೇರಳೆ ಶೂ. ಹಾಲ್ ತುಂಬ ಶೂ ಬಿದ್ದವು. "ಈಗ ಒಂದೂ ಇಲ್ಲ, ಬಾ ಅಮ್ಮ," ಎಂದು ಕೂಗಿದೆ. ಅವಳ ತುಟಿ ಅಲುಗುತ್ತಿತ್ತು. ಕೇಳಿಸಿಕೊಂಡಳೋ ಇಲ್ಲವೋ. ಹೋಗಿ ತೋಳು ಹಿಡಿದು ಎಳೆದೆ. ನೆಲಕ್ಕೆ ಒತ್ತಿ ಕೂತ ಮುದುಕಿಯನ್ನು ಎಬ್ಬಿಸುವುದು ನನ್ನಿಂದಾಗಲಿಲ್ಲ. ಕಿಟಕಿಗೆ ಆಲಿಕಲ್ಲು ಬಡಿಯತೊಡಗಿತು. ಅತ್ತ ಕತ್ತಲೆಯಲ್ಲಿ ಮಗಳು, ಇತ್ತ ಗಾಜಿನ ಪಕ್ಕ ಅಮ್ಮ. ನಾನು ಅಮ್ಮನ ಬೆನ್ನ ಹಿಂದೆ ಕೂತು ಅವಳ ಸೊಂಟ ತಬ್ಬಿ ಹಿಡಿದೆ. ಮಾಡಲು ನನಗೆ ಬೇರೇನೂ ತೋಚಲಿಲ್ಲ.

ಆಗ ಮಗಳು ಎದ್ದು ಬಂದಳು. ಶೂಗಳನ್ನು ದಾಟಿಕೊಂಡು, ಹೆಲ್ಮೆಟ್ಟಿನಲ್ಲಿ, ನೇರ ಬಂದು ಅಜ್ಜಿಯ ಪಕ್ಕ, ಕಿಟಕಿಗೆ ಬೆನ್ನು ಮಾಡಿ ಕೂತಳು.

"ಹೋಗು ಒಳಗೆ," ಎಂದು ನಾನು ಕಿರುಚಿದೆ.

"ನಾಟ್ ವಿದೌಟ್ ಅಜ್ಜಿ." ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಳು. ಆಮೇಲೆ ಅಪರೂಪಕ್ಕೆ ಕನ್ನಡದಲ್ಲಿ ಹೇಳಿದಳು: "ನಾನೂ ಇಲ್ಲೇ ಇರ್ತೀನಿ."

ಅಮ್ಮ ಕಣ್ಣು ಬಿಟ್ಟಳು. ಮೊಮ್ಮಗಳ ಮುಖ ನೋಡಿದಳು, ಅವಳ ಹಿಂದೆ ಗಾಜು ನೋಡಿದಳು. ಅಮ್ಮನ ಜೋಡಿಸಿದ ಕೈ ಬಿಟ್ಟುಕೊಂಡದ್ದನ್ನು ನಾನು ಭುಜದ ಮೇಲಿನಿಂದ ನೋಡಿದೆ. ಒಂದು ಕೈ ಮಗುವಿನ ಮಣಿಕಟ್ಟನ್ನು ಹಿಡಿಯಿತು, ಇನ್ನೊಂದು ನೆಲಕ್ಕೆ ಊರಿತು. "ಏಳೇ ಮುಂಡೇದೆ, ಗಾಜಿನ ಹತ್ರ ಯಾಕೆ ಬಂದೆ!" ಎನ್ನುತ್ತ ಎದ್ದಳು. ಮಂಡಿನೋವಿನ ಅಮ್ಮ, ಶೂಗಳನ್ನು ಒದ್ದುಕೊಂಡು, ಮೊಮ್ಮಗಳನ್ನು ಎಳೆದುಕೊಂಡು ಆ ಗೂಡಿನೊಳಗೆ ನುಗ್ಗಿದಳು. ನಾನು ಹಿಂದೆ ಹೋಗಿ ಬಾಗಿಲು ಹಾಕಿಕೊಂಡೆ.

ಒಳಗೆ ಚರ್ಮದ ವಾಸನೆ, ವ್ಯಾಕ್ಯೂಮ್ ಕ್ಲೀನರಿನ ಧೂಳು. ಅಮ್ಮ ಇಡೀ ಹೊತ್ತು ಏನನ್ನೋ ಜಪಿಸುತ್ತಿದ್ದಳು. ಕೈ ಮುಗಿದಿರಲಿಲ್ಲ. ಎರಡೂ ಕೈಯಲ್ಲಿ ಮಗುವನ್ನು ಹಿಡಿದಿದ್ದಳು. ನಾನು ಅವಳ ಸೆರಗಿನ ತುದಿಯನ್ನು ಹಿಡಿದಿದ್ದೆ.

ಗಾಳಿ ನಮ್ಮನ್ನು ಬಿಟ್ಟು ಎಲ್ಲೋ ಬಯಲಿನಲ್ಲಿ ಹೋಯಿತಂತೆ. ಬೇಲಿಯ ಎರಡು ಹಲಗೆ ಬಿದ್ದಿದ್ದವು, ಅಷ್ಟೆ. ಮರುದಿನ ಅಮ್ಮ ತಲೆಗೆ ಸ್ನಾನ ಮಾಡಿ, ದೀಪ ಹಚ್ಚಿ, ಚಪ್ಪಲಿ ಗೂಡಿನಲ್ಲಿ ಕೂತದ್ದಕ್ಕೆ ದೇವರಲ್ಲಿ ಕ್ಷಮೆ ಕೇಳಿದಳು. ಆಮೇಲೆ ಅಣ್ಣನಿಗೆ ಫೋನ್ ಮಾಡಿ ಈ ಕಥೆಯನ್ನೂ ನಗುತ್ತ ಹೇಳಿದಳು. "ಇದೊಂದು ಪುಟಾಣಿ ಹೆಲ್ಮೆಟ್ ಹಾಕ್ಕೊಂಡು ಬಂದು ಕೂತುಬಿಡ್ತು ಕಣೋ, ಏನ್ಮಾಡ್ಲಿ!"

ನಾನು ಶೂಗಳನ್ನು ಜೋಡಿ ಹುಡುಕಿ ಒಳಗಿಡುತ್ತಿದ್ದೆ. ನೇರಳೆಯದು ಒಂದು ಸಿಕ್ಕಿತು. ಇನ್ನೊಂದು ಸೋಫಾದ ಕೆಳಗೆ ಹೋಗಿತ್ತು.

ಅಮ್ಮನ ಮುಗಿದ ಕೈ ಬಿಟ್ಟುಕೊಳ್ಳುತ್ತದೆಂದು ಈಗ ಗೊತ್ತಾಗಿದೆ. ಯಾರಿಗಾಗಿ ಬಿಟ್ಟುಕೊಳ್ಳುತ್ತದೆಂಬುದೂ ಗೊತ್ತಾಗಿದೆ. ತಂಗಿ ಟಿಕೆಟ್ ಬುಕ್ ಮಾಡಿದ್ದಾಳೆ, ನವೆಂಬರ್‌ಗೆ. ಮಗಳಿಗೆ ಆಗ ಶಾಲೆ ಇರುತ್ತದೆ.